ಊರು ಬಿಟ್ಟು ಬಂದ ಪೇದೆಗೆ ಸಲ್ಲಬೇಕಾದುದು

ಪೊಲೀಸರ ಸಂಬಳದ ಮಾತು ಬಂದಾಗಲೆಲ್ಲ ನಮ್ಮ ಜನರಲ್ಲಿ ಎರಡು ಬಗೆಯ ಅಭಿಪ್ರಾಯಗಳು ಕೇಳಿಬರುತ್ತವೆ. ‘ಅವರಿಗೇನು ಕಡಿಮೆ?’ ಎಂಬುದು ಒಂದು. ‘ಪಾಪ, ಹಗಲು ರಾತ್ರಿ ದುಡಿಯುತ್ತಾರೆ’ ಎಂಬುದು ಇನ್ನೊಂದು. ಪೇದೆಯೊಬ್ಬ ಎಲ್ಲಿಂದ ಬಂದವನು, ಎಷ್ಟು ಕಾಲ ಇಲ್ಲಿ ನಿಲ್ಲುವವನು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಕಾಸರಕೋಡಿನಂತಹ ಕಡಲತೀರದ ಊರಿನಲ್ಲಿ ವಾಸಿಸುವ ನನಗೆ ಈ ಪ್ರಶ್ನೆಯೇ ಮುಖ್ಯವೆನಿಸಿದೆ.

2016ರ ಜೂನ್ 4ರಂದು ರಾಜ್ಯದ ಪೊಲೀಸರು ಸಾಮೂಹಿಕ ರಜೆ ಹಾಕುವರೆಂಬ ಕರೆ ಹೊರಟು ಸರಕಾರ ಬೆಚ್ಚಿದ್ದು ಓದುಗರಿಗೆ ನೆನಪಿರಬಹುದು. ಅದೇ ವರ್ಷ ಹಿರಿಯ ಅಧಿಕಾರಿ ರಾಘವೇಂದ್ರ ಔರಾದಕರ್ ಅವರ ಸಮಿತಿ ವರದಿ ನೀಡಿತು. ಅದರ ಫಲವಾಗಿ 2019ರ ಆಗಸ್ಟ್ 1ರಿಂದ ಕಾನ್‌ಸ್ಟೆಬಲ್‌ಗಳ ವೇತನ ಶ್ರೇಣಿ 21,400-42,000 ರೂಪಾಯಿಯಿಂದ 23,500-47,650 ರೂಪಾಯಿಗೆ ಏರಿತು. ಇದು ಆಗಬೇಕಾಗಿದ್ದ ಕೆಲಸವೇ. ಆದರೆ ಆ ಏರಿಕೆ ಹುದ್ದೆಗೆ ಸಂದದ್ದು, ಸ್ಥಳಕ್ಕಲ್ಲ. ಸ್ವಂತ ಊರಿನಲ್ಲಿ, ತಂದೆ ತಾಯಿಯ ಜೊತೆಗಿದ್ದು ದುಡಿಯುವವನಿಗೂ ಮನೆಯಿಂದ ನಾನೂರು ಕಿಲೋಮೀಟರ್ ದೂರ ಬಂದು ಬಾಡಿಗೆ ಕೋಣೆಯಲ್ಲಿರುವವನಿಗೂ ಅದು ಒಂದೇ.

ನಮ್ಮ ಠಾಣೆಗಳಲ್ಲಿ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ತರುಣರು ಅನೇಕರಿದ್ದಾರೆ. ಅವರ ಮಕ್ಕಳು ನನ್ನ ತರಗತಿಯಲ್ಲಿ ಕುಳಿತಿದ್ದರು. ಮೊದಮೊದಲು ಆ ಕಡೆಯ ಗಡಸು ಕನ್ನಡದಲ್ಲಿ ಮಾತಾಡಲು ನಾಚುತ್ತಿದ್ದ ಹುಡುಗ ವರ್ಷ ಕಳೆಯುವುದರೊಳಗೆ ಬಂದರಿನ ಹುಡುಗರೊಂದಿಗೆ ಬೆರೆತು ಮೀನಿನ ಹೆಸರುಗಳನ್ನೆಲ್ಲ ಕಲಿಯುತ್ತಿದ್ದ. ತಂದೆಯೂ ಅಷ್ಟೇ, ಯಾವ ಕೇರಿಯಲ್ಲಿ ಯಾರ ಮಾತು ನಡೆಯುತ್ತದೆ, ಯಾವ ದೋಣಿ ಯಾರದು ಎಂದು ಅರಿಯುತ್ತಿದ್ದ. ಅಷ್ಟರಲ್ಲಿ ವರ್ಗಾವಣೆಗಾಗಿ ಅರ್ಜಿ ಬರೆಯುವ ಕಾಲ ಬಂದಿರುತ್ತಿತ್ತು. ಊರಲ್ಲಿ ಮುದಿ ತಾಯಿ, ಪಾಲಾಗದ ಹೊಲ. ಅವನನ್ನು ದೂರುವುದು ಹೇಗೆ?

ಕಾನ್‌ಸ್ಟೆಬಲ್‌ನ ನೇಮಕ ಜಿಲ್ಲಾ ಘಟಕಕ್ಕೆ ಆಗುವಂಥದು. ಸ್ವಂತ ಕೋರಿಕೆಯ ಮೇಲೆ ಬೇರೆ ಜಿಲ್ಲೆಗೆ ಹೋದವನು ತನ್ನ ಸೇವಾ ಜ್ಯೇಷ್ಠತೆಯನ್ನು ಬಿಟ್ಟುಕೊಟ್ಟು ಅಲ್ಲಿಯ ಪಟ್ಟಿಯ ಕೊನೆಯಲ್ಲಿ ನಿಲ್ಲಬೇಕು. ಅಂದರೆ ಹೋದರೆ ದಂಡವುಂಟು, ನಿಂತರೆ ಬಹುಮಾನವಿಲ್ಲ. ಒಲ್ಲದ ಮನಸ್ಸಿನಿಂದ ನಿಂತವನಿಂದ ಊರಿಗೆ ಎಷ್ಟು ಪ್ರಯೋಜನ?

ಇದು ಭತ್ಯೆಯ ಲೆಕ್ಕವಷ್ಟೇ ಅಲ್ಲ. 2017ರ ಡಿಸೆಂಬರಿನಲ್ಲಿ ಹೊನ್ನಾವರ, ಕುಮಟಾ, ಶಿರಸಿಗಳಲ್ಲಿ ಗಲಭೆಯ ಕಿಡಿ ಹಾರಿದ್ದನ್ನು ನಾವು ಕಂಡಿದ್ದೇವೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಏಳು ಮಂದಿಯೊಂದಿಗೆ ಕಾಣೆಯಾಯಿತು. ಅವರಲ್ಲಿ ಐವರು ನಮ್ಮ ಉತ್ತರ ಕನ್ನಡದವರು. ಇಂತಹ ಹೊತ್ತಿನಲ್ಲಿ ಹೊರಗಿನಿಂದ ಬಂದಿಳಿಯುವ ಬಂದೋಬಸ್ತಿನ ತುಕಡಿಗಿಂತ, ಮನೆಯಂಗಳಕ್ಕೆ ಬಂದು ಹೆಸರು ಹಿಡಿದು ಮಾತಾಡಿಸಬಲ್ಲ ಒಬ್ಬ ಪೇದೆ ಹೆಚ್ಚು ಬೆಲೆಯುಳ್ಳವನು. ಆ ಪರಿಚಯ ಬೆಳೆಯಲು ವರ್ಷಗಳು ಬೇಕು. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರಲ್ಲಿ ಠಾಣಾಧಿಕಾರಿಗಳಿಗೆ ಕನಿಷ್ಠ ಎರಡು ವರ್ಷದ ಅವಧಿ ಇರಬೇಕೆಂದು ಹೇಳಿತು. ಪೇದೆಯ ವಿಷಯದಲ್ಲಿಯೂ ಅದೇ ವಿವೇಕ ಬೇಡವೇ?

ಇದಕ್ಕೆ ಮಾದರಿಗಳಿಲ್ಲದಿಲ್ಲ. ಈಶಾನ್ಯ ರಾಜ್ಯಗಳಿಗೆ ಹೋಗಿ ದುಡಿಯುವ ತನ್ನ ನೌಕರರಿಗೆ ಕೇಂದ್ರ ಸರಕಾರವು 1983ರ ಡಿಸೆಂಬರಿನ ಆದೇಶದ ಮೂಲಕ ವಿಶೇಷ ಕರ್ತವ್ಯ ಭತ್ಯೆಯನ್ನು ಆರಂಭಿಸಿತು. ಆಗ ಅದು ಮೂಲವೇತನದ ಶೇಕಡಾ 25, ತಿಂಗಳಿಗೆ 400 ರೂಪಾಯಿ ಮೀರದಂತೆ. ಅಮೆರಿಕದ ಕೇಂದ್ರ ಸರಕಾರದಲ್ಲಿ ಸ್ಥಳ ಬದಲಿಸಿ ಹೋಗುವವರಿಗೂ, ಬಿಟ್ಟುಹೋಗಬಹುದಾದ ಅನುಭವಿಗಳನ್ನು ಉಳಿಸಿಕೊಳ್ಳುವುದಕ್ಕೂ ಪ್ರೋತ್ಸಾಹಧನ ಕೊಡುವ ಪದ್ಧತಿಯಿದೆ. ಸ್ಥಳ ಬದಲಾವಣೆಯ ಹಣ ಪಡೆಯುವವನು ಇಷ್ಟು ಕಾಲ ಸೇವೆ ಸಲ್ಲಿಸುವೆನೆಂದು ಬರೆದುಕೊಡಬೇಕು. ಆ ಅವಧಿ ನಾಲ್ಕು ವರ್ಷ ಮೀರುವಂತಿಲ್ಲ. ನಮ್ಮ ಶಿಕ್ಷಕರಿಗೂ 2007ರ ವರ್ಗಾವಣೆ ಕಾಯಿದೆ ಬಂದ ಮೇಲೆ ಎ, ಬಿ, ಸಿ ಎಂಬ ವಲಯಗಳೂ ಕೌನ್ಸೆಲಿಂಗೂ ಬಂದವು. ದೋಷಗಳು ಇದ್ದಿರಬಹುದು; ಆದರೆ ನಿಯಮ ಎಲ್ಲರ ಕಣ್ಣೆದುರಿಗಿತ್ತು.

‘ಕರ್ತವ್ಯವನ್ನು ಹಣ ಕೊಟ್ಟು ಕೊಳ್ಳಬೇಕೇ?’ ಎಂದು ಕೇಳುವವರಿದ್ದಾರೆ. ಕರ್ತವ್ಯವನ್ನು ಸಂಬಳ ಕೊಳ್ಳುತ್ತದೆ. ಅಗಲಿಕೆಯ ಬೆಲೆಯನ್ನು ಇಂದು ಪೇದೆಯ ಮನೆಯವರು ತೆರುತ್ತಿದ್ದಾರೆ. ‘ಸ್ಥಳೀಯ ಪೇದೆಗೆ ಅನ್ಯಾಯವಾಗದೇ?’ ಎಂಬ ಪ್ರಶ್ನೆ ಇದಕ್ಕಿಂತ ತೂಕದ್ದು. ಆದುದರಿಂದ ನನ್ನ ಸಲಹೆಯನ್ನು ಎರಡು ಭಾಗ ಮಾಡುತ್ತೇನೆ. ದೂರದಿಂದ ಬಂದವನಿಗೆ ಸಂಸಾರ ಹೂಡಲು ಒಮ್ಮೆ ಕೊಡುವ ನೆಲೆಯೂರಿಕೆಯ ಹಣ. ಸಿಬ್ಬಂದಿ ನಿಲ್ಲದ ಠಾಣೆಯಲ್ಲಿ ಐದು ವರ್ಷ ಪೂರೈಸಿದ ಯಾರಿಗಾದರೂ, ಊರವನಿರಲಿ ಪರವೂರಿನವನಿರಲಿ, ಸಮಾನವಾದ ಪ್ರೋತ್ಸಾಹಧನ. ಅವಧಿ ಮುಗಿಸಿದವನು ತನ್ನ ಜಿಲ್ಲೆಗೆ ಮರಳಬಯಸಿದರೆ ಜ್ಯೇಷ್ಠತೆ ಕಳೆಯದಂತೆ ನಿಯಮ ತಿದ್ದಬೇಕು. ಯಾರಿಗೆ ಕೊಟ್ಟರು, ಏಕೆ ಕೊಟ್ಟರು ಎಂಬುದನ್ನು ಪ್ರಕಟಿಸಬೇಕು. ಇಲ್ಲವಾದರೆ ಇದೂ ಶಿಫಾರಸಿನವರ ಪಾಲಾದೀತು.

ಹಣದೊಂದಿಗೆ ಸೂರೂ ಬೇಕು. ಪೊಲೀಸರಿಗೆ ಮನೆ ಕಟ್ಟಲೆಂದೇ ರಾಜ್ಯದಲ್ಲಿ 1985ರಿಂದ ಒಂದು ನಿಗಮವಿದೆ. ಕರಾವಳಿಯ ಮಳೆಗಾಲದಲ್ಲಿ ಸೋರದ ಎರಡು ಕೋಣೆಯ ಮನೆ, ಹತ್ತಿರದಲ್ಲೊಂದು ಒಳ್ಳೆಯ ಶಾಲೆ ಇದ್ದರೆ ಅರ್ಧ ಅರ್ಜಿಗಳು ತಾವಾಗಿಯೇ ನಿಲ್ಲುತ್ತವೆಂದು ನನ್ನ ನಂಬಿಕೆ. ನಮ್ಮನ್ನು ಬಲ್ಲ ಪೊಲೀಸರು ಬೇಕೆಂದು ಬಯಸುವ ನಾವು, ಅವರು ನಮ್ಮ ನಡುವೆ ಬಾಳಲು ತಗಲುವ ವೆಚ್ಚವನ್ನೂ ಒಪ್ಪಿಕೊಳ್ಳಬೇಕು.