ರಾಯಭಾರಿಯ ಮನೆಯೊಳಗೆ

ರಾಯಭಾರಿ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಅರಮನೆ, ಔತಣ, ಒಡಂಬಡಿಕೆಗಳ ವೈಭವ. ಆ ವೈಭವಕ್ಕೆ ಮನೆಯವರು ತೆತ್ತ ಬೆಲೆಯನ್ನು ಯಾರೂ ಲೆಕ್ಕವಿಡುವುದಿಲ್ಲ.

1809ರಲ್ಲಿ ಅಮೆರಿಕ ಸರಕಾರವು ಜಾನ್ ಕ್ವಿನ್ಸಿ ಆಡಮ್ಸರನ್ನು ರಷ್ಯಾ ದೇಶಕ್ಕೆ ತನ್ನ ಪ್ರತಿನಿಧಿಯಾಗಿ ನೇಮಿಸಿತು. ಎರಡು ವರ್ಷವೂ ತುಂಬದ ಚಾರ್ಲ್ಸ್‌ನನ್ನು ಎತ್ತಿಕೊಂಡು ಪತ್ನಿ ಲೂಯಿಸಾ ಜೊತೆಗೆ ಹಡಗನ್ನೇರಿದರು. ಎಂಟು ವರ್ಷದ ಜಾರ್ಜ್, ಆರು ವರ್ಷದ ಜಾನ್ ಮಾತ್ರ ಓದಿನ ಸಲುವಾಗಿ ತಾಯ್ನಾಡಿನಲ್ಲಿ ಹಿರಿಯರ ಆಶ್ರಯದಲ್ಲಿ ಉಳಿಯಬೇಕೆಂದು ನಿಶ್ಚಯವಾಯಿತು. ಆ ನಿಶ್ಚಯದಲ್ಲಿ ಹೆತ್ತವಳ ಮಾತಿಗೆ ಎಡೆಯಿರಲಿಲ್ಲ.

ಸೇಂಟ್ ಪೀಟರ್ಸ್‌ಬರ್ಗ್‌ನ ಬದುಕು ಹೊರಗೆ ಸೊಗಸು, ಒಳಗೆ ಬಿಕ್ಕಟ್ಟು. ರಾಜಸಭೆಯ ಉಡುಗೆ ತೊಡುಗೆಗೆ ವೇತನ ಸಾಲದು; ಕೊರೆಯುವ ಚಳಿ ಬೇರೆ. 1811ರ ಆಗಸ್ಟ್‌ನಲ್ಲಿ ಹೆಣ್ಣುಮಗು ಹುಟ್ಟಿದಾಗ ಮನೆ ಬೆಳಗಿತು. ಆದರೆ ಮರುವರ್ಷ ನೆಪೋಲಿಯನ್ನನ ಸೇನೆ ಮಾಸ್ಕೋ ಹೊಕ್ಕ ದಿನಗಳಲ್ಲೇ ಆ ಕಂದ ಕಣ್ಮುಚ್ಚಿತು. ಅದನ್ನು ಪರದೇಶದ ಮಣ್ಣಿಗೆ ಒಪ್ಪಿಸಬೇಕಾಯಿತು.

1814ರಲ್ಲಿ ಬ್ರಿಟನ್ನಿನೊಡನೆ ಸಂಧಾನಕ್ಕಾಗಿ ಆಡಮ್ಸರು ಗೆಂಟ್ ನಗರಕ್ಕೆ ತೆರಳಿದರು. ಡಿಸೆಂಬರ್ 24ರಂದು ಒಪ್ಪಂದಕ್ಕೆ ಸಹಿ ಬಿದ್ದಿತು. ಪ್ಯಾರಿಸ್ಸಿಗೆ ಬರುವಂತೆ ಪತಿಯಿಂದ ಪತ್ರ ಬಂದಾಗ ಮನೆಯ ಸಾಮಾನು ವಿಲೇವಾರಿ ಮಾಡಿ, 1815ರ ಫೆಬ್ರವರಿ 12ರಂದು, ತಮ್ಮ ನಲವತ್ತನೆಯ ಹುಟ್ಟುಹಬ್ಬದ ದಿನವೇ, ಲೂಯಿಸಾ ಏಳು ವರ್ಷದ ಮಗನೊಡನೆ ಹೊರಟರು. ಹಿಮ, ಯುದ್ಧದಿಂದ ಹಾಳಾದ ಊರುಗಳು, ಸುಮಾರು ನಲವತ್ತು ದಿನಗಳ ದಾರಿ. ಫ್ರಾನ್ಸಿನಲ್ಲಿ ನೆಪೋಲಿಯನ್ನನ ಸೈನಿಕರು ಬಂಡಿಯನ್ನು ರಷ್ಯನ್ನರದೆಂದು ಬಗೆದು ಮುತ್ತಿಕೊಂಡಾಗಲೂ ಆಕೆ ಎದೆಗುಂದಲಿಲ್ಲ. ಮಾರ್ಚ್ 23ರಂದು ಪತಿಯನ್ನು ಸೇರಿದರು.

ಆ ವರ್ಷದ ಮೇ ತಿಂಗಳಲ್ಲಿ ಹಿರಿಯ ಮಕ್ಕಳಿಬ್ಬರೂ ಲಂಡನ್ನಿಗೆ ಬಂದರು. ಅಗಲಿಕೆಗೆ ಆರು ವರ್ಷ ತುಂಬುತ್ತಿತ್ತು. ಬಿಟ್ಟುಹೋದ ಎಳೆಯರು ಎತ್ತರದ ಹುಡುಗರಾಗಿದ್ದರು. ಆಡಮ್ಸರು 1825ರಲ್ಲಿ ರಾಷ್ಟ್ರಾಧ್ಯಕ್ಷರಾದರು. ಜಾರ್ಜ್ 1829ರಲ್ಲಿ, ಜಾನ್ 1834ರಲ್ಲಿ ತೀರಿಕೊಂಡರು. ಬಾಲ್ಯದ ಅಗಲಿಕೆಯೇ ಅದಕ್ಕೆ ಕಾರಣವೆನ್ನಲಾಗದು. ಆದರೂ ಕಳೆದ ಆ ವರ್ಷಗಳು ತಾಯಿಗೆ ಮರಳಿ ದೊರೆಯಲಿಲ್ಲ. ತಮ್ಮನ್ನು ಕೇಳದೆ ಕೈಗೊಂಡ ಆ ತೀರ್ಮಾನದ ಅಳಲನ್ನು ಆಕೆ ಇಳಿವಯಸ್ಸಿನಲ್ಲಿ ಬರೆದಿಟ್ಟರು.

ಉದ್ಯೋಗದ ಸಲುವಾಗಿ ದೂರ ಹೊರಡುವಾಗ ಮಕ್ಕಳನ್ನು ಎಲ್ಲಿರಿಸಬೇಕೆಂಬ ಪ್ರಶ್ನೆ ಇಂದಿಗೂ ಅನೇಕ ಮನೆಗಳಲ್ಲಿ ಏಳುತ್ತದೆ. ಕೆಲವೊಮ್ಮೆ ಅಗಲಿಕೆ ಅನಿವಾರ್ಯವೇ ಆದೀತು. ಆದರೆ ಅದನ್ನು ನಿರ್ಧರಿಸುವ ಮುನ್ನ ತಾಯಿಯನ್ನು ಕೇಳಬೇಕು; ತಿಳಿವಳಿಕೆ ಬಂದ ಮಕ್ಕಳನ್ನೂ ಕೇಳಬೇಕು. ಕೇಳಿ ಕೈಗೊಂಡ ತೀರ್ಮಾನದ ನೋವನ್ನು ಮನೆಯವರೆಲ್ಲರೂ ಹಂಚಿಕೊಳ್ಳುತ್ತಾರೆ. ಕೇಳದೆ ಕೈಗೊಂಡದ್ದನ್ನು ಒಬ್ಬರೇ ಹೊರುತ್ತಾರೆ.