ಮೊದಲು ನೀರು, ಆಮೇಲೆ ಮೀನು



ಮನೆಯಲ್ಲಿ ನಾಯಿ ಸಾಕೋಣ ಅಂತ ಮಕ್ಕಳು ಕೇಳ್ತಾರೆ. ಅಪ್ಪ ಅಮ್ಮ ಬೇಡ ಅಂತಾರೆ. ಬೆಕ್ಕು? ಅದೂ ಬೇಡ. ಬೇಸಿಗೆ ರಜೆಗೆ ಊರಿಗೆ ಹೋದಾಗ ಯಾರು ನೋಡ್ಕೋತಾರೆ, ಕಾರ್ಪೆಟ್ ಹಾಳಾಗುತ್ತೆ, ಹೀಗೆ ನೂರೆಂಟು ಕಾರಣ. ಕೊನೆಗೆ ಎರಡೂ ಕಡೆಯವರಿಗೆ ಒಪ್ಪಿಗೆಯಾಗೋದು ಮೀನು. ಹುಟ್ಟುಹಬ್ಬದ ದಿನ ಅಂಗಡಿಗೆ ಹೋಗಿ ಹತ್ತು ಗ್ಯಾಲನ್ ಟ್ಯಾಂಕ್, ಫಿಲ್ಟರ್, ಬಣ್ಣದ ಕಲ್ಲು, ಜೊತೆಗೆ ಪ್ಲಾಸ್ಟಿಕ್ ಚೀಲದಲ್ಲಿ ಆರು ಮೀನು, ಎಲ್ಲವನ್ನೂ ಒಂದೇ ಬಿಲ್ಲಿನಲ್ಲಿ ತರುತ್ತೇವೆ. ಸಂಜೆಯೊಳಗೆ ಮೀನುಗಳು ಈಜುತ್ತಿರುತ್ತವೆ. ಒಂದು ವಾರ, ಹತ್ತು ದಿನ ಕಳೆಯುವಷ್ಟರಲ್ಲಿ ಒಂದೊಂದಾಗಿ ಸಾಯೋಕೆ ಶುರುವಾಗುತ್ತವೆ.

ಆಗ ದೊಡ್ಡವರು ಹೇಳುವ ಮಾತು: "ಮೀನು ಅಂದ್ರೆ ಹಾಗೇ ಕಣೋ, ಬೇಗ ಸಾಯುತ್ತೆ. ಬೇರೆ ತರೋಣ ಬಿಡು."

ಈ ಮಾತನ್ನು ನಾನು ಒಪ್ಪುವುದಿಲ್ಲ. ಚೆನ್ನಾಗಿ ನೋಡಿಕೊಂಡರೆ ಗೋಲ್ಡ್‌ಫಿಶ್ ಹತ್ತು ವರ್ಷಕ್ಕೂ ಮೇಲೆ ಬದುಕುತ್ತದೆ. ಹೊಸ ಟ್ಯಾಂಕಿನಲ್ಲಿ ಹತ್ತೇ ದಿನಕ್ಕೆ ಮೀನು ಸತ್ತರೆ, ಬಹಳಷ್ಟು ಸಲ ಅದಕ್ಕೆ ಕಾರಣ ಅಮೋನಿಯಾ. ಹಾಗಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡ್ತೀನಿ. ಟ್ಯಾಂಕ್ ತಂದ ದಿನವೇ ಮೀನು ತರಬಾರದು. ಟ್ಯಾಂಕ್ ಸುಮಾರು ಒಂದು ತಿಂಗಳು ಮೀನಿಲ್ಲದೆ ಓಡಬೇಕು. ಆ ಒಂದು ತಿಂಗಳು ಕಾಯುವುದೂ ಮೀನು ಸಾಕುವುದರಲ್ಲಿ ಸೇರಿದೆ.

ಯಾಕೆ ಅಂತ ನೋಡೋಣ.

ನಮ್ಮ ದೇಹದಲ್ಲೂ ಅಮೋನಿಯಾ ಹುಟ್ಟುತ್ತೆ. ಅದು ವಿಷ ಆದ್ದರಿಂದ ನಮ್ಮ ಪಿತ್ತಜನಕಾಂಗ ಅದನ್ನು ಯೂರಿಯಾ ಮಾಡಿ ಮೂತ್ರದಲ್ಲಿ ಕಳಿಸುತ್ತೆ. ಮೀನಿಗೆ ಅಷ್ಟೆಲ್ಲ ಕಷ್ಟ ಬೇಕಾಗಿಲ್ಲ, ಸುತ್ತ ನೀರೇ ಇದೆಯಲ್ಲ. ಹೆಚ್ಚಿನ ಅಮೋನಿಯಾವನ್ನು ಅದು ನೇರವಾಗಿ ಕಿವಿರುಗಳಿಂದಲೇ ನೀರಿಗೆ ಬಿಡುತ್ತೆ. ತುಂಗೆಯಲ್ಲಿ, ಕಾವೇರಿಯಲ್ಲಿ, ಅಜ್ಜಿ ಊರಿನ ಕೆರೆಯಲ್ಲಿ ಇದರಿಂದ ತೊಂದರೆ ಇಲ್ಲ. ಶೃಂಗೇರಿಗೆ ಹೋದಾಗ ಹೊಳೆಯ ಮೆಟ್ಟಿಲ ಹತ್ತಿರ ಮೀನುಗಳ ಹಿಂಡು ನೋಡಿರ್ತೀರಿ. ಅಲ್ಲಿ ನೀರು ಹರಿಯುತ್ತೆ, ಕೆಸರಿದೆ, ಪಾಚಿಯಿದೆ, ಕಲ್ಲುಗಳ ಮೇಲೆ ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳಿವೆ. "ನಮ್ಮೂರಲ್ಲಿ ಯಾರು ನೀರು ಪರೀಕ್ಷೆ ಮಾಡ್ತಿದ್ರು? ಮೀನು ಚೆನ್ನಾಗೇ ಇತ್ತಲ್ಲ" ಅಂತ ಕೇಳುವವರಿಗೆ ಇದೇ ಉತ್ತರ. ಹತ್ತು ಗ್ಯಾಲನ್ ಅಂದರೆ ಬರೀ 38 ಲೀಟರ್, ದೊಡ್ಡ ಎರಡು ಬಕೆಟ್ ನೀರು. ಅಂಗಡಿಯಿಂದ ಬಂದ ಹೊಸ ಟ್ಯಾಂಕಿನಲ್ಲಿ ಆ ಕೋಟ್ಯಂತರ ಜೀವಿಗಳು ಇನ್ನೂ ಬಂದಿಲ್ಲ. ಮೀನು ಬಿಟ್ಟ ಅಮೋನಿಯಾ, ತಿನ್ನದೆ ಬಿಟ್ಟ ಆಹಾರ ಕೊಳೆತು ಬಂದ ಅಮೋನಿಯಾ, ಎರಡೂ ಅಲ್ಲೇ ಸೇರ್ತಾ ಹೋಗುತ್ತವೆ. ನೀರು ಮಾತ್ರ ಕನ್ನಡಿಯ ಹಾಗೆ ತಿಳಿಯಾಗಿಯೇ ಇರುತ್ತೆ. ಮಕ್ಕಳೇ, ಇದನ್ನು ನೆನಪಿಡಿ: ತಿಳಿ ನೀರೆಲ್ಲ ಒಳ್ಳೆ ನೀರಲ್ಲ.

ಹಾಗಾದರೆ ಆ ಜೀವಿಗಳು ಯಾವುವು? 1890ರ ಸುಮಾರಿಗೆ ಸೆರ್ಗೈ ವಿನೊಗ್ರಾಡ್‌ಸ್ಕಿ ಎಂಬ ರಷ್ಯದ ವಿಜ್ಞಾನಿ ಅಮೋನಿಯಾವನ್ನೇ ಬಳಸಿಕೊಂಡು ಬದುಕುವ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ತೋರಿಸಿದರು. ಕೆಲಸ ಎರಡು ಹಂತದಲ್ಲಿ ನಡೆಯುತ್ತೆ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತೆ. ಅಮೋನಿಯಾ, ನೈಟ್ರೈಟ್ ಎರಡೂ ಮೀನಿಗೆ ವಿಷ. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಸಾಕು. ಈ ಕಥೆ ಅಲ್ಲಿಗೇ ಮುಗಿದಿಲ್ಲ. ಎರಡನೇ ಹಂತದ ಕೆಲಸ ನೈಟ್ರೋಬ್ಯಾಕ್ಟರ್‌ದು ಅಂತ ಪುಸ್ತಕಗಳು ಹೇಳುತ್ತಿದ್ದವು. ಸಿಹಿನೀರಿನ ಅಕ್ವೇರಿಯಂಗಳಲ್ಲಿ ಅದನ್ನು ಮಾಡುವುದು ನೈಟ್ರೋಸ್ಪೈರಾ ಎಂಬ ಬೇರೆಯೇ ಗುಂಪು ಅಂತ 1998ರಲ್ಲಿ ಸಂಶೋಧಕರು ತೋರಿಸಿದರು. 2015ರಲ್ಲಿ, ಎರಡೂ ಹಂತವನ್ನು ಒಂದೇ ಮಾಡಬಲ್ಲ ನೈಟ್ರೋಸ್ಪೈರಾ ಕೂಡ ಸಿಕ್ಕಿತು. ನಿಮ್ಮ ಮನೆಯ ಸ್ಪಂಜಿನ ತುಂಡಿನಲ್ಲಿ ಇಷ್ಟು ವಿಜ್ಞಾನ ಇದೆ!

ಈ ಬ್ಯಾಕ್ಟೀರಿಯಾಗಳು ತಾವಾಗಿಯೇ ಬರುತ್ತವೆ, ಆದರೆ ಬಹಳ ನಿಧಾನ. ಹಾಲಿಗೆ ಹೆಪ್ಪು ಹಾಕಿದರೆ ಬೆಳಿಗ್ಗೆಗೆ ಮೊಸರು. ಮೊಸರಿನ ಬ್ಯಾಕ್ಟೀರಿಯಾ ಒಂದು ರಾತ್ರಿಯಲ್ಲಿ ಮಾಡುವಷ್ಟು ವೇಗದ ಬೆಳವಣಿಗೆ ಇವಕ್ಕೆ ಬರಲ್ಲ. ಒಂದು ಎರಡಾಗೋಕೇ ಹಲವು ಗಂಟೆ, ಕೆಲವೊಮ್ಮೆ ಒಂದು ದಿನ ಬೇಕು. ಹಾಗಾಗಿ ಟ್ಯಾಂಕ್ ಸಿದ್ಧವಾಗಲು ನಾಲ್ಕರಿಂದ ಆರು ವಾರ ಹಿಡಿಯುತ್ತೆ. ತಣ್ಣಗಿದ್ದರೆ ಇನ್ನೂ ನಿಧಾನ. ಚಳಿಗಾಲದಲ್ಲಿ ದೋಸೆ ಹಿಟ್ಟು ಉಬ್ಬಲ್ಲ ಅಂತ ಅಮ್ಮ ಓವನ್ ಲೈಟ್ ಹಾಕಿ ಒಳಗಿಡ್ತಾರಲ್ಲ, ಹಾಗೇ ಇದಕ್ಕೂ ಹೀಟರ್ ಹಾಕಿ 26 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಡಬೇಕು.

ಮೀನಿಲ್ಲದೆ ಟ್ಯಾಂಕ್ ಸಿದ್ಧ ಮಾಡುವುದು ಹೇಗೆ? ಟ್ಯಾಂಕಿಗೆ ಕಲ್ಲು, ನೀರು, ಕಂಡಿಷನರ್ ಹಾಕಿ, ಫಿಲ್ಟರ್ ಹಗಲೂ ರಾತ್ರಿ ಓಡಲಿ. ಅಕ್ವೇರಿಯಂಗೆ ಅಂತಲೇ ಸಿಗುವ ಅಮೋನಿಯಂ ಕ್ಲೋರೈಡ್ ದ್ರಾವಣವನ್ನು ಲೇಬಲ್ ನೋಡಿ 2 ಪಿಪಿಎಂ ಬರುವಷ್ಟು ಹಾಕಿ. 1 ಪಿಪಿಎಂ ಅಂದರೆ ಒಂದು ಲೀಟರ್ ನೀರಿನಲ್ಲಿ ಒಂದು ಮಿಲಿಗ್ರಾಂ. ಹತ್ತು ಗ್ಯಾಲನ್ ಟ್ಯಾಂಕಿನಲ್ಲಿ 2 ಪಿಪಿಎಂ ಅಂದರೆ ಎಷ್ಟು? 38 ಗುಣಿಸು 2, ಬರೀ 76 ಮಿಲಿಗ್ರಾಂ, ಒಂದು ಚಿಟಿಕೆಯೂ ಇಲ್ಲ. ವಿಷ ಎಷ್ಟು ಕಡಿಮೆ ಸಾಕು ನೋಡಿ! (ದ್ರಾವಣ ಅಳೆದು ಹಾಕುವ ಕೆಲಸ ದೊಡ್ಡವರದ್ದು, ಲೆಕ್ಕ ಮಕ್ಕಳದ್ದು.) ಆಮೇಲೆ ದಿನ ಬಿಟ್ಟು ದಿನ ಪರೀಕ್ಷೆ ಮಾಡಿ. ಮೊದಲು ಅಮೋನಿಯಾ ಇಳಿಯುತ್ತೆ, ನೈಟ್ರೈಟ್ ಏರುತ್ತೆ. ಅಮೋನಿಯಾ ಖಾಲಿಯಾದಾಗ ಮತ್ತೆ ಸ್ವಲ್ಪ ಹಾಕಿ, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಉಪವಾಸ ಬೀಳುತ್ತವೆ. ಆಮೇಲೆ ನೈಟ್ರೈಟೂ ಇಳಿಯುತ್ತೆ. ಯಾವತ್ತು 2 ಪಿಪಿಎಂ ಹಾಕಿ 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸುತ್ತೋ, ಅವತ್ತು ಟ್ಯಾಂಕ್ ಸಿದ್ಧ. ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಿ, ಎರಡು ಮೂರು ಮೀನಿನಿಂದ ಶುರು ಮಾಡಿ. ನನ್ನಂಥ ಸಾಫ್ಟ್‌ವೇರ್‌ನವರಿಗೆ ಇದು ಅರ್ಥವಾಗುವುದು ಸುಲಭ: ಟೆಸ್ಟ್ ಪಾಸಾಗದೆ ಯಾವುದನ್ನೂ ರಿಲೀಸ್ ಮಾಡಬಾರದು.

ಬೇಗ ಆಗಬೇಕಾ? ಹೆಪ್ಪು ಕೇಳಿ! ನೆರೆಮನೆಯಿಂದ ಒಂದು ಚಮಚ ಮೊಸರು ಕೇಳಿ ತರುವ ಹಾಗೆ, ಹಳೆಯ ಆರೋಗ್ಯವಂತ ಟ್ಯಾಂಕ್ ಇರುವ ಸ್ನೇಹಿತರಿಂದ ಅವರ ಫಿಲ್ಟರಿನ ಸ್ಪಂಜಿನ ಒಂದು ತುಂಡು ಕೇಳಿ. ಒದ್ದೆಯಾಗೇ ತಂದು ನಿಮ್ಮ ಫಿಲ್ಟರಿಗೆ ಹಾಕಿ. ವಾರಗಳ ಕೆಲಸ ಕೆಲವು ದಿನಗಳಿಗೆ ಇಳಿಯಬಹುದು. ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಮಾರುತ್ತಾರಲ್ಲ ಅಂತ ಕೇಳಬಹುದು. ಹಾಕಿ, ಬೇಡ ಅನ್ನಲ್ಲ. ಆದರೆ ಬಾಟಲಿ ಹಾಕಿದ್ದೇವೆ ಅಂತ ಪರೀಕ್ಷೆ ಬಿಡಬೇಡಿ. ಟ್ಯಾಂಕ್ ಸಿದ್ಧವೋ ಇಲ್ಲವೋ ಅಂತ ಹೇಳಬೇಕಾದ್ದು ಟೆಸ್ಟ್ ಕಿಟ್, ಬಾಟಲಿಯ ಮೇಲಿನ ಅಕ್ಷರ ಅಲ್ಲ.

ಇಲ್ಲಿನ ನಲ್ಲಿ ನೀರಿನ ಬಗ್ಗೆಯೂ ಒಂದು ಮಾತು. ಸ್ಯಾನ್ ಫ್ರಾನ್ಸಿಸ್ಕೋದ ನೀರಿಗೆ 2004ರಿಂದ ಕ್ಲೋರಿನ್ ಬದಲು ಕ್ಲೋರಮೈನ್ ಸೇರಿಸುತ್ತಾರೆ. ಬೇ ಏರಿಯಾದ ಬೇರೆ ಹಲವು ಊರುಗಳಲ್ಲೂ ಅದೇ. ಕ್ಲೋರಮೈನ್ ಅಂದರೆ ಕ್ಲೋರಿನ್ ಮತ್ತು ಅಮೋನಿಯಾ ಸೇರಿದ್ದು. ನಮಗೆ ಕುಡಿಯಲು ಸುರಕ್ಷಿತ, ಮೀನಿಗಲ್ಲ. ನೀರನ್ನು ಒಂದು ರಾತ್ರಿ ಬಕೆಟ್ಟಿನಲ್ಲಿಟ್ಟರೆ ಕ್ಲೋರಿನ್ ಹಾರಿಹೋಗುತ್ತೆ ಅನ್ನುವ ಹಳೆಯ ಉಪಾಯ ಕ್ಲೋರಮೈನಿಗೆ ನಡೆಯಲ್ಲ. ಕಂಡಿಷನರ್ ಹಾಕಲೇಬೇಕು. ಅದು ಕ್ಲೋರಿನ್ ಭಾಗವನ್ನು ಮುರಿದಾಗ ಒಂದಿಷ್ಟು ಅಮೋನಿಯಾ ಉಳಿಯುತ್ತೆ. ಆದ್ದರಿಂದ ಮೀನೇ ಇಲ್ಲದ ನೀರಲ್ಲೂ ಕಿಟ್ ತಿಳಿಹಸಿರು ತೋರಿಸಿದರೆ ಗಾಬರಿ ಬೇಡ. ಮೊದಲು ನಲ್ಲಿ ನೀರನ್ನೇ ಪರೀಕ್ಷೆ ಮಾಡಿ ಬರೆದಿಟ್ಟುಕೊಳ್ಳಿ.

ಈಗಾಗಲೇ ಮೀನು ಮನೆಗೆ ಬಂದಿದೆ, ಅಮೋನಿಯಾ ಏರಿದೆ, ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತಿದೆ ಅನ್ನುವವರು ಏನು ಮಾಡಬೇಕು? ಕೈಚೆಲ್ಲಬೇಡಿ. ಇವತ್ತೇ ಅರ್ಧ ನೀರು ಬದಲಿಸಿ. ಹೊಸ ನೀರಿಗೆ ಕಂಡಿಷನರ್ ಹಾಕಿರಬೇಕು, ಅದರ ಬಿಸಿ ಟ್ಯಾಂಕಿನಷ್ಟೇ ಇರಬೇಕು. 2 ಪಿಪಿಎಂ ಇದ್ದದ್ದು ಸುಮಾರು 1 ಆಗುತ್ತೆ, ಮತ್ತೊಮ್ಮೆ ಬದಲಿಸಿದರೆ ಅರ್ಧ. ಒಂದೆರಡು ದಿನ ಆಹಾರ ನಿಲ್ಲಿಸಿ, ಆಮೇಲೂ ಬಹಳ ಕಡಿಮೆ ಕೊಡಿ. ದೊಡ್ಡ ಮೀನು ಒಂದೆರಡು ದಿನ ಹಸಿದಿದ್ದರೆ ಸಾಯಲ್ಲ. ನೀರಿನ ಮೇಲ್ಭಾಗ ಚೆನ್ನಾಗಿ ಅಲುಗಾಡಲಿ, ಗಾಳಿ ಸೇರಲಿ. ದಿನವೂ ಪರೀಕ್ಷೆ ಮಾಡಿ, ಅಮೋನಿಯಾ ಕಾಣುವಷ್ಟು ದಿನ ನೀರು ಬದಲಿಸ್ತಾ ಇರಿ. ಬೇಗ ಬೆಳೆಯುವ ಗಿಡಗಳೂ ಅಮೋನಿಯಾ ಹೀರುತ್ತವೆ. ನಮ್ಮೆಲ್ಲರ ಮನೆಯಲ್ಲಿರುವ ಮನಿ ಪ್ಲಾಂಟಿನ ಬೇರು ಮಾತ್ರ ನೀರಿಗಿಳಿಸಿದರೂ ಒಳ್ಳೆಯದೇ. ಆದರೆ ಗಿಡ ಇದೆ ಅಂತ ನೀರು ಬದಲಿಸೋದು ಬಿಡಬೇಡಿ.

ಪಿಎಚ್ ಕೂಡ ನೋಡಿ. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ನಿಜವಾಗಿ ಹೆಚ್ಚು ವಿಷವಾದ ರೂಪ ಶೇಕಡಾ 1ಕ್ಕಿಂತ ಕಡಿಮೆ. ಪಿಎಚ್ 8 ಆದರೆ ಅದು ಶೇಕಡಾ 5ಕ್ಕೆ ಏರುತ್ತೆ. ಅಂದರೆ ಕಿಟ್ ತೋರಿಸುವ ಅಂಕಿ ಒಂದೇ ಇದ್ದರೂ ಅಪಾಯ ಸುಮಾರು ಹತ್ತು ಪಟ್ಟು. ಪಕ್ಕದ ಮನೆಯಲ್ಲಿ ಇಷ್ಟೇ ಅಮೋನಿಯಾ ಇದ್ದರೂ ಮೀನು ಬದುಕಿತು, ನಮ್ಮಲ್ಲಿ ಯಾಕೆ ಸತ್ತಿತು ಅನ್ನುವ ಪ್ರಶ್ನೆಗೆ ಉತ್ತರ ಇದರಲ್ಲೂ ಇರಬಹುದು. ಹಾಗಂತ ಪಿಎಚ್ ಇಳಿಸುವ ಔಷಧಿ ಸುರಿಯಬೇಡಿ, ದಿಢೀರ್ ಬದಲಾವಣೆಯೂ ಮೀನಿಗೆ ಕಷ್ಟ.

ಇನ್ನು ಎಲ್ಲಕ್ಕಿಂತ ಮುಖ್ಯ: ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ತಿಕ್ಕಿ ತೊಳೆಯಬೇಡಿ. ನಮಗೆ ಎಲ್ಲವನ್ನೂ ಲಕಲಕ ಹೊಳೆಯುವ ಹಾಗೆ ತೊಳೆಯುವ ಅಭ್ಯಾಸ. ಆದರೆ ಬ್ಯಾಕ್ಟೀರಿಯಾ ಇರುವುದು ನೀರಿನಲ್ಲಲ್ಲ, ಹೆಚ್ಚಾಗಿ ಆ ಸ್ಪಂಜಿನ ಮೇಲೆ, ಕಲ್ಲುಗಳ ಮೇಲೆ. ಅದಕ್ಕೇ ನೀರು ಬದಲಿಸಿದರೆ ಅವು ಹೋಗಲ್ಲ, ಸ್ಪಂಜು ತಿಕ್ಕಿದರೆ ಹೋಗುತ್ತವೆ. ಟ್ಯಾಂಕಿನಿಂದ ತೆಗೆದ ಹಳೆ ನೀರಿನಲ್ಲೇ ಅದನ್ನು ಒಮ್ಮೆ ಹಿಂಡಿದರೆ ಸಾಕು. ತಿಂಗಳಿಗೊಮ್ಮೆ ಫಿಲ್ಟರ್ ಕಾರ್ಟ್ರಿಜ್ ಎಸೆದು ಹೊಸದು ಹಾಕಿ ಅಂತ ಡಬ್ಬಿ ಮೇಲೆ ಬರೆದಿರುತ್ತಾರೆ. ಪೂರ್ತಿ ಎಸೆದರೆ ಹೆಪ್ಪಿನ ಬಟ್ಟಲನ್ನೇ ತೊಳೆದು ಚೆಲ್ಲಿದ ಹಾಗೆ!

ಪೋಷಕರು ಕೇಳುವ ಪ್ರಶ್ನೆ ನನಗೆ ಗೊತ್ತು. "ಒಂದು ತಿಂಗಳು ಖಾಲಿ ಟ್ಯಾಂಕ್ ನೋಡ್ತಾ ಕೂರೋ ಮಗು ಎಲ್ಲಿದೆ? ಅಷ್ಟರಲ್ಲಿ ಆಸಕ್ತಿನೇ ಹೋಗಿರುತ್ತೆ." ಹೋಗಬಹುದು. ಹೋದರೆ ಒಳ್ಳೆಯದೇ ಆಯಿತು ಅಂತ ನಾನು ಹೇಳ್ತೀನಿ. ಒಂದು ತಿಂಗಳು ಕಾಯಲಾಗದ ಮನೆ, ಐದು ಹತ್ತು ವರ್ಷ ವಾರಾವಾರ ನೀರು ಬದಲಿಸುವುದು ಕಷ್ಟ. ಅದು ಜೀವಗಳು ಬರುವ ಮೊದಲೇ ಗೊತ್ತಾಗಲಿ. ಇನ್ನು ಕೆಲವರು, "ಗಟ್ಟಿ ಮೀನು ನಾಲ್ಕು ಮೊದಲು ಬಿಟ್ಟು, ಅವು ಟ್ಯಾಂಕ್ ಸಿದ್ಧ ಮಾಡಲಿ, ಹಿಂದಿನಿಂದ ಹಾಗೇ ಮಾಡ್ತಿದ್ದಾರೆ" ಅಂತಾರೆ. ದಿನಾ ನೀರು ಬದಲಿಸುವ ಅನುಭವಿಗಳು ಮಾಡಬಲ್ಲರು. ಆದರೆ ಬಾಟಲಿಯ ಅಮೋನಿಯಾದಿಂದ ಆಗುವ ಕೆಲಸಕ್ಕೆ ಜೀವ ಇರುವ ಮೀನಿನ ಕಿವಿರು ಸುಡುವುದು ಯಾಕೆ? ಎರಡು ವಾರದೊಳಗೆ ಸತ್ತರೆ ಬೇರೆ ಕೊಡ್ತೀವಿ ಅನ್ನುವ ಅಂಗಡಿಗಳಿವೆ. ರಸೀದಿ ತೋರಿಸಿ ಬದಲಾಯಿಸಿಕೊಳ್ಳಲು ಮೀನು ಶರ್ಟ್ ಅಲ್ಲ. ಮಗು ಅದನ್ನೂ ನಮ್ಮಿಂದಲೇ ಕಲಿಯುತ್ತೆ.

ಮಕ್ಕಳೇ, ಆ ಒಂದು ತಿಂಗಳು ಬೇಜಾರಾಗದಿರಲು ಒಂದು ಉಪಾಯ. ಒಂದು ನೋಟ್‌ಬುಕ್ ಇಡಿ, ಕನ್ನಡದಲ್ಲೇ ಬರೆಯಿರಿ. "ಮೂರನೇ ದಿನ. ಅಮೋನಿಯಾ: ಕಡುಹಸಿರು, 2. ನೈಟ್ರೈಟ್: ತಿಳಿನೀಲಿ, 0." "ಹದಿನೈದನೇ ದಿನ. ಅಮೋನಿಯಾ: ತಿಳಿಹಸಿರು. ನೈಟ್ರೈಟ್: ನೇರಳೆ!" ಸಾಮಾನ್ಯವಾಗಿ ಸಿಗುವ ಹನಿ ಹಾಕುವ ಕಿಟ್‌ಗಳಲ್ಲಿ ಅಮೋನಿಯಾ ಇಲ್ಲದಿದ್ದರೆ ಹಳದಿ ಬರುತ್ತೆ. ಆ ಹಳದಿ ಬಣ್ಣ ಬಂದ ದಿನ ನಿಮಗಾಗುವ ಖುಷಿ ನೋಡಿ. ಎಲ್ಲ ಅಂಕಿಗಳನ್ನೂ ಸೇರಿಸಿ ಒಂದು ಗ್ರಾಫ್ ಬರೆದರೆ, ಒಂದು ಗೆರೆ ಇಳಿಯುವುದು, ಇನ್ನೊಂದು ಏರಿ ಇಳಿಯುವುದು, ಮೂರನೆಯದು ಏರುತ್ತಾ ಹೋಗುವುದು ಕಾಣುತ್ತೆ. ಕನ್ನಡ ಅಂಕಿಗಳಲ್ಲಿ ಬರೆದರೆ ನಿಮ್ಮ ಟೀಚರಿಗೂ ಸಂತೋಷ.

ಈ ವರ್ಷ ಯಾರ ಮನೆಗಾದರೂ ಹೊಸ ಟ್ಯಾಂಕ್ ಬರುವುದಿದ್ದರೆ, ಹುಟ್ಟುಹಬ್ಬದ ದಿನ ಟ್ಯಾಂಕ್ ಮತ್ತು ಟೆಸ್ಟ್ ಕಿಟ್ ಕೊಡಿ, ಮೀನು ಮುಂದಿನ ತಿಂಗಳು ಬರಲಿ. ನಿಮ್ಮ ನೋಟ್‌ಬುಕ್ಕಿನ ಒಂದು ಪುಟವನ್ನು ಮುಂದಿನ ವರ್ಷದ ಪತ್ರಿಕೆಗೆ ಕಳಿಸಿ. ಹಾಗೇ, ಟ್ಯಾಂಕ್ ಹಳತಾದ ಮೇಲೆ ಯಾರಾದರೂ ಹೆಪ್ಪು ಕೇಳಿಕೊಂಡು ಬಂದರೆ ಒಂದು ತುಂಡು ಸ್ಪಂಜು ಕೊಡಲು ಮರೆಯಬೇಡಿ.