ಅಜ್ಜಿಯ ಬೆಳ್ಳಿ ಲೋಟ

ಅಜ್ಜಿ ಹೋದಮೇಲೆ ಸಾಮಾನು ಪಾಲಾದಾಗ ಬೆಳ್ಳಿ ಲೋಟ ಚಿಕ್ಕಮ್ಮನಿಗೆ ಬಂತು. ಅದಕ್ಕೆ ಬದಲಾಗಿ ಅವರು ತಾಮ್ರದ ಹಂಡೆ ಬಿಟ್ಟುಕೊಟ್ಟಿದ್ದರು. ಆಮೇಲೊಂದು ದಿನ, "ಇದು ಬೆಳ್ಳಿನೇನಾ ನೋಡೋ, ಇಂಜಿನಿಯರ್ ಅಲ್ವಾ ನೀನು" ಅಂತ ನನ್ನ ಕೈಗಿಟ್ಟರು. (ನಾನು ಓದಿದ್ದು ಕಂಪ್ಯೂಟರ್ ಸೈನ್ಸ್. ಇರಲಿ.)

ಸುತ್ತ ಕೂತವರೆಲ್ಲ ಒಂದೊಂದು ಪರೀಕ್ಷೆ ಹೇಳಿದರು. ಮಾವ ಅಯಸ್ಕಾಂತ ಹಿಡಿದರು, ಅಂಟಲಿಲ್ಲ, "ಬೆಳ್ಳಿನೇ" ಅಂದುಬಿಟ್ಟರು. ಅಲ್ಲ ಸ್ವಾಮಿ, ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ, ಸೀಸ ಯಾವುದೂ ಅಂಟಲ್ಲ. ಎಷ್ಟೋ ಸ್ಟೀಲ್ ಪಾತ್ರೆಗಳೂ ಅಂಟಲ್ಲ! ಐಸ್ ಇಟ್ಟರೆ ಬೇಗ ಕರಗುತ್ತೆ ಅಂತಾರೆ, ತಾಮ್ರದ ಮೇಲೂ ಹೆಚ್ಚುಕಮ್ಮಿ ಅಷ್ಟೇ ಬೇಗ ಕರಗುತ್ತೆ. ಇನ್ನು ನೈಟ್ರಿಕ್ ಆಸಿಡ್ಡು, ಅರದಲ್ಲಿ ಉಜ್ಜೋದು... ಅಜ್ಜಿ ಲೋಟಕ್ಕೆ ಗಾಯ ಮಾಡೋ ಕೆಲಸ, ಮನೇಲಿ ಬೇಡವೇ ಬೇಡ.

ನನ್ನ ಓಟು ಅಡುಗೆಮನೆಯ ಡಿಜಿಟಲ್ ತಕ್ಕಡಿಗೆ. ಲೋಟದ ತೂಕ 174 ಗ್ರಾಂ. ತಕ್ಕಡಿ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರಿಟ್ಟು ಸೊನ್ನೆ ಮಾಡಿದೆ. ಲೋಟವನ್ನು ದಾರದಲ್ಲಿ ಕಟ್ಟಿ, ಒಳಗೆ ಗಾಳಿ ನಿಲ್ಲದ ಹಾಗೆ ಪೂರ್ತಿ ಮುಳುಗಿಸಿ, ತಳ ಮುಟ್ಟದ ಹಾಗೆ ಹಿಡಿದೆ. ಆಗ ತೋರಿಸೋ ಗ್ರಾಂ ಎಷ್ಟೋ, ಲೋಟದ ಲೋಹ ಅಷ್ಟು ಘನ ಸೆಂ.ಮೀ. ಆರ್ಕಿಮಿಡಿಸ್ ಹೇಳಿದ್ದೇ. 20 ಬಂತು. 174ನ್ನು 20ರಿಂದ ಭಾಗಿಸಿದರೆ 8.7.

ಶುದ್ಧ ಬೆಳ್ಳಿ 10.5, ಒಡವೆ ಬೆಳ್ಳಿ ಸುಮಾರು 10.4. ಬೆಳ್ಳಿಯಾಗಿದ್ದರೆ ತಕ್ಕಡಿ 17 ತೋರಿಸಬೇಕಿತ್ತು. ತಕ್ಕಡಿ ಅರ್ಧ ಗ್ರಾಂ ಆಚೀಚೆ ಆದರೂ ಇಷ್ಟು ವ್ಯತ್ಯಾಸ ಬರಲ್ಲ. ಹಾಗಾಗಿ ಇದು ಜರ್ಮನ್ ಸಿಲ್ವರೋ, ಬೆಳ್ಳಿ ಲೇಪದ ಹಿತ್ತಾಳೆಯೋ ಇರಬೇಕು. ಎರಡರಲ್ಲಿ ಯಾವುದು ಅಂತ ಈ ತಕ್ಕಡಿ ಹೇಳಲಾರದು. ಅಂದಹಾಗೆ ಜರ್ಮನ್ ಸಿಲ್ವರ್ ಅಂದರೆ ತಾಮ್ರ, ನಿಕ್ಕಲ್, ಸತು. ಹೆಸರಲ್ಲಿ ಬಿಟ್ಟರೆ ಬೆಳ್ಳಿ ಇಲ್ಲ.

ಟೊಳ್ಳು ಒಡವೆ, ಅರಗು ತುಂಬಿದ ಗುಂಡುಗಳಿಗೆ ಈ ಲೆಕ್ಕ ನಡೆಯಲ್ಲ. ಚಿನ್ನದ ಗಟ್ಟಿಗೂ ಇದೊಂದನ್ನೇ ನಂಬಬೇಡಿ: ಚಿನ್ನ 19.3, ಟಂಗ್‌ಸ್ಟನ್ 19.25! ಅಲ್ಲಿ ಹಾಲ್‌ಮಾರ್ಕ್ ಕೇಂದ್ರಕ್ಕೇ ಹೋಗಬೇಕು.

ಆದರೆ ಮನೆಯ ಪಾತ್ರೆಗಳಿಗೆ ಹತ್ತು ನಿಮಿಷದ ಕೆಲಸ, ಖರ್ಚು ಒಂದು ದಾರ. ಪಾಲು ಮಾಡೋಕೆ ಮುಂಚೆ, ಎಲ್ಲರ ಎದುರಿಗೇ ತೂಗಬೇಕು ಅನ್ನೋದು ನನ್ನ ವಾದ. "ಮನೆಯವರನ್ನೇ ಅನುಮಾನಿಸ್ತೀಯಾ" ಅಂತಾರೆ ಅಮ್ಮ. ಅನುಮಾನ ಲೋಟದ ಮೇಲಮ್ಮಾ, ಮನುಷ್ಯರ ಮೇಲಲ್ಲ.

ಹಂಡೆ ಈಗ ಮಾವನ ಬಚ್ಚಲುಮನೆಯಲ್ಲಿದೆ. ಚಿಕ್ಕಮ್ಮ ಕೇಳಿಲ್ಲ, ಅವರೂ ಆ ಮಾತು ಎತ್ತಿಲ್ಲ.